ಜನಾನಾ ಡೇರೆಯ ಹೊಲಿಗೆ

ಆ ದಿನವೂ ಎದ್ದು ಮುಖ ತೊಳೆದ ಮೇಲೆ ನಾನು ಮಾಡಿದ ಮೊದಲ ಕೆಲಸ ಸೂಜಿ ಎಣಿಸಿದ್ದು. ಹನ್ನೊಂದು. ರಾತ್ರಿ ಇಟ್ಟಾಗಲೂ ಹನ್ನೊಂದೇ ಇದ್ದವು. ಹೈದರಾಬಾದಿನ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಪಾಠಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸೂಜಿ ಎಣಿಸದೆ ಯಾರನ್ನೂ ಏಳಗೊಡುತ್ತಿರಲಿಲ್ಲ. ಮದುವೆಯಾಗಿ ಹುಮನಾಬಾದಿಗೆ ಬಂದು ಆರು ವರ್ಷವಾದರೂ ಆ ಚಟ ನನ್ನನ್ನು ಬಿಟ್ಟಿರಲಿಲ್ಲ. ಆಮೇಲೆ ಒಲೆ ಹೊತ್ತಿಸಿ ಅತ್ತೆಯವರಿಗೆ ಚಹಾ ಇಟ್ಟೆ, ರೊಟ್ಟಿ ಬಡಿದೆ, ಶಾಲೆಗೆ ಹೊರಟ ನಮ್ಮವರ ಶೇರವಾನಿಯ ಸಡಿಲ ಗುಂಡಿಯನ್ನು ಅವರು ತೊಟ್ಟುಕೊಂಡಿದ್ದಂತೆಯೇ ಬಿಗಿದೆ. ಮೈಮೇಲಿನ ಬಟ್ಟೆ ಹೊಲಿಯಬಾರದು ಎಂದು ಅತ್ತೆ ಕಟ್ಟೆಯ ಮೇಲಿಂದ ಗೊಣಗಿದರು.

ಅಂದು ಸಂತೆ. ಅಷ್ಟೇ ಅಲ್ಲ, ನಮ್ಮೂರಿನಲ್ಲಿ ಹೆಂಗಸರಿಗೆಂದೇ ಸಿನೆಮಾ ತೋರಿಸುವ ಮೊದಲ ದಿನ. ಅದನ್ನು ಜನಾನಾ ಆಟ ಎನ್ನುತ್ತಿದ್ದರು.

ಸಿನೆಮಾದ ಡೇರೆ ಬಜಾರದ ಕೊನೆಗೆ ನಿಂತಿತ್ತು. ಊರಿನ ಗಂಡಸರಿಗೆ ಸಂಜೆಯಾದರೆ ಆ ಬಜಾರವೇ ಲೋಕ. ಗ್ರಾಮಫೋನು ಹಾಡುವ ಹೋಟೆಲು, ಬಣ್ಣದ ಸೋಡಾ ಬಾಟಲಿಗಳ ಸಾಲು, ಅತ್ತರಿನವನ ಪೆಟ್ಟಿಗೆ, ಪಾನಿನಂಗಡಿಯ ಆಳೆತ್ತರದ ಕನ್ನಡಿ, ಈಗ ಈ ಡೇರೆ. ಡೇರೆಯ ಬೆನ್ನಿಗೆ ಹಾಡಿ ಕುಣಿಯುವ ಹೆಂಗಸರ ಮನೆಗಳು. ಆರು ವರ್ಷದಲ್ಲಿ ನಾನು ಇವನ್ನೆಲ್ಲ ನೋಡಿದ್ದು ಟಾಂಗಾದ ಪರದೆಯ ಸಂದಿಯಿಂದ, ಒಂದೊಂದು ತುಂಡಾಗಿ. ಕನ್ನಡಿ ಕಂಡ ದಿನ ಬಾಟಲಿ ಕಾಣುತ್ತಿರಲಿಲ್ಲ.

ಡೇರೆ ನಮ್ಮಲ್ಲಿಗೆ ಬಂದದ್ದು ಕಲ್ಯಾಣಿಯಿಂದ. ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಅಲ್ಲಿ ಜನಾನಾ ಆಟ ಹಾಕಿದಾಗ ಪುಂಡರು ಕ್ಯಾನ್ವಾಸಿಗೆ ಬ್ಲೇಡು ಎಳೆದು ಸೀಳಿನಲ್ಲಿ ಕಣ್ಣಿಟ್ಟರು. ಎರಡನೆಯ ಆಟ ನಡೆಯಲೇ ಇಲ್ಲ. ಹುಮನಾಬಾದಿನ ಹಿರಿಯರು ಅದಕ್ಕೇ ಷರತ್ತು ಹಾಕಿದರು. ಎಲ್ಲ ಸೀಳುಗಳನ್ನೂ ಮುಚ್ಚಬೇಕು. ಮುಂದಿನ ಬಾಗಿಲನ್ನು ಆಟ ಶುರುವಾದ ಕೂಡಲೇ ಹೊರಗಿನಿಂದ ಹಗ್ಗ ಹೆಣೆದು ಬಿಗಿಯಬೇಕು. ಆಟ ಮುಗಿದು, ಮನೆಮನೆಯ ಟಾಂಗಾಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಮೇಲೆಯೇ ಬಿಚ್ಚಬೇಕು. ಒಳಗೆ ಒಬ್ಬ ಮರ್ಯಾದಸ್ಥ ಹೆಂಗಸು ಇರಬೇಕು. ಆ ಹಿರಿಯರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯ ಅಡತಿ ವ್ಯಾಪಾರಿ. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ನನ್ನ ಹೆಸರು ಹೇಳಿದವರು ಕಾಕುವೇ. ಹೊಲಿಗೆ ಬರುತ್ತದೆ, ಉರ್ದು ಬರುತ್ತದೆ, ಬಾಯಿ ಸಣ್ಣದು ಎಂದರಂತೆ.

ಹೀಗೆ ನನಗೆ ಬಂದ ಕೆಲಸ ಮೂರು ಬಗೆಯದು. ಬೆಳಿಗ್ಗೆ ಡೇರೆ ಹೊಲಿಯುವುದು, ಮಧ್ಯಾಹ್ನ ಹೆಂಗಸರನ್ನು ಎಣಿಸಿ ಒಳಗೆ ಬಿಟ್ಟು ಎಣಿಸಿಯೇ ಹೊರಗೆ ಕಳಿಸುವುದು, ನಡುವೆ ಪರದೆಯ ಮೇಲಿನವರ ಹಿಂದೂಸ್ತಾನಿ ಮಾತನ್ನು ಕನ್ನಡದಲ್ಲಿ ಹೇಳುವುದು.

ಒಂಬತ್ತು ಗಂಟೆಗೆ ಡೇರೆ ಖಾಲಿಯಿತ್ತು. ಡೇರೆಯ ಸೇಠ್ ಒಂದು ದಬ್ಬಣ, ಒಂದು ಉಂಡೆ ಮೇಣದ ದಾರ, ಒಂದು ಏಣಿ ಕೊಟ್ಟು ಹೊರಗೆ ಹೋದರು. ನಾನು ಬ್ಲೇಡಿನ ಸೀಳುಗಳಿಂದ ಶುರು ಮಾಡಿದೆ. ಅಂಚನ್ನು ಒಳಕ್ಕೆ ಮಡಚಿ, ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಬರುವ ಗಟ್ಟಿ ಹೊಲಿಗೆ. ಇದು ಒಂದು ಕಡೆ ಹರಿದರೂ ಉಳಿದದ್ದು ಬಿಡುವುದಿಲ್ಲ. ಸೀಳುಗಳು ಮುಗಿದ ಬಳಿಕ ಮೇಲಕ್ಕೆ ನೋಡಿದೆ. ಸೂರಿನ ಕೆಳಗೆ ಸುತ್ತಲೂ ಅಂಗೈಯಗಲದ ಗಾಳಿಕಿಂಡಿಗಳಿದ್ದವು. ಹೊರಗೆ ಹುಣಸೆಮರವಿತ್ತು. ಮರ ಹತ್ತಿದವನಿಗೆ ಕಿಂಡಿಯಿಂದ ಒಳಗೆ ಕಂಡರೆ ಎನ್ನಿಸಿತು. ಅವನ್ನು ಮುಚ್ಚಲು ನನಗೆ ಯಾರೂ ಹೇಳಿರಲಿಲ್ಲ. ನಾನೇ ಏಣಿ ಹತ್ತಿ ಒಂದೊಂದನ್ನೂ ಹೊಲಿದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ನಡೆದುದಕ್ಕೆ ಸಿನೆಮಾ ಓಡಿಸುವ ಇಂಜಿನಿನ ಪಟ್ಟಿಯಷ್ಟೇ ನನ್ನ ಅಚ್ಚುಕಟ್ಟುತನವೂ ಕಾರಣ.

ಕೊನೆಗೆ ಉಳಿದದ್ದು ಹಿಂಬದಿಯ ಸಣ್ಣ ಬಾಯಿ. ನೀರು ತರುವ ಆಳುಗಳು ಓಡಾಡುತ್ತಿದ್ದ ದಾರಿ ಅದು. ಅಷ್ಟರಲ್ಲಿ ದಾರ ಮುಗಿಯಿತು. ಯುದ್ಧದ ಕಾಲ, ಇನ್ನೊಂದು ಉಂಡೆ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕುಳಿತಿದ್ದಾಗ ಕ್ಯಾನ್ವಾಸಿನ ಆಚೆಯಿಂದ ವಯಸ್ಸಾದ ದನಿ ಕೇಳಿತು.

"ದಾರ ತೀರಿತೇನ್ರಿ ಬಾಯಿ? ಮುಂಜಾನಿಂದ ಟಸಕ್ ಟಸಕ್ ಅಂತ ಕೇಳಾಕತ್ತಿತ್ತು, ಈಗ ನಿಂತದ."

ತೀರಿತು ಎಂದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಸಂದಿಯಿಂದ ಒಂದು ಕೈ ಬಂತು. ಸುತಳಿಯ ಉಂಡೆ ಹಿಡಿದಿತ್ತು. ಹೆಬ್ಬೆರಳಿನ ಬುಡದಲ್ಲಿ ಮೂರು ಹಚ್ಚೆಯ ಚುಕ್ಕೆ, ಬೆರಳಿನಲ್ಲಿ ಸವೆದ ಬೆಳ್ಳಿಯ ಉಂಗುರ. ಡೇರೆಯ ಬೆನ್ನಿಗಿದ್ದದ್ದು ಯಾರ ಮನೆಯ ಅಂಗಳ ಎಂದು ನನಗೆ ಗೊತ್ತಿತ್ತು. ಆದರೂ ತೆಗೆದುಕೊಂಡೆ. ಸುತಳಿ ದಪ್ಪ, ಹೊತ್ತು ಕಡಿಮೆ. ಆದ್ದರಿಂದ ಗಟ್ಟಿ ಹೊಲಿಗೆ ಬಿಟ್ಟು, ಜೋಳದ ಚೀಲದ ಬಾಯಿಗೆ ಹಾಕುವಂಥ ಸರಪಳಿ ಹೊಲಿಗೆ ಹಾಕಿದೆ. ಮೇಲಿನಿಂದ ಶುರುಮಾಡಿ ಕೆಳಗೆ ಗಂಟು ಹಾಕಿ ಮುಗಿಸಿದೆ. ಸಿಸ್ಟರ್ ನೋಡಿದ್ದರೆ ಬಿಚ್ಚಿ ಮತ್ತೆ ಹಾಕು ಎನ್ನುತ್ತಿದ್ದರು. ಆಳುಗಳು ಬಂದು ಡೇರೆಯ ಕೆಳಂಚಿಗೆಲ್ಲ ಮಣ್ಣು ಒತ್ತಿ ಕಲ್ಲು ಹೇರಿದಾಗ ನನ್ನ ಗಂಟೂ ಮಣ್ಣಿನೊಳಗೆ ಹೋಯಿತು. ದಬ್ಬಣ, ಏಣಿ ಎರಡನ್ನೂ ಸೇಠ್‌ಗೆ ಒಪ್ಪಿಸಿ, ಕತ್ತರಿಯ ಬುಟ್ಟಿಯನ್ನು ಮನೆಯಲ್ಲಿಟ್ಟು ಬಂದೆ.

ಎರಡು ಗಂಟೆಗೆ ಟಾಂಗಾಗಳು ಬಂದವು. ಒಳಗೆ ಬಂದ ಪ್ರತಿಯೊಬ್ಬಳೂ ನನ್ನ ಗಡಿಗೆಯಲ್ಲಿ ಒಂದು ಹುಣಸೆಬೀಜ ಹಾಕಬೇಕು, ಹೋಗುವಾಗ ಒಂದು ತೆಗೆಯಬೇಕು. ನಾನು ಮಾಡಿದ ಏರ್ಪಾಡು ಅದು. ಹೆಸರು ಕೇಳುವ ಗೊಡವೆ ಇಲ್ಲ, ಬುರ್ಖಾ ಎತ್ತಿಸುವ ಗೊಡವೆಯೂ ಇಲ್ಲ. ಅರವತ್ತೆಂಟು ಬೀಜ ಬಿದ್ದವು, ಮೇಲೆ ನನ್ನದೊಂದು. ಕಾಕು ಬಂದದ್ದು ಸೊಸೆಯೊಂದಿಗೆ. ಹುಲಸೂರಿನ ಹುಡುಗಿ, ಏಳು ತಿಂಗಳ ಬಸುರಿ. ಸಿನೆಮಾ ನೋಡಬೇಕೆಂದು ಅವಳಿಗೆ ಬಯಕೆ. ಹುಳಿ ಬೇಡುವ ಬದಲು ಇದನ್ನು ಬೇಡ್ಯಾಳ ಎಂದು ಕಾಕು ಓಣಿಗೆಲ್ಲ ಹೇಳಿಕೊಂಡು ನಕ್ಕಿದ್ದರು. ಬಾಗಿಲಲ್ಲಿ ಮಾತ್ರ ನಗಲಿಲ್ಲ.

"ನಿನ್ನ ಮ್ಯಾಲ ಹಾಕಿ ಕರ್ಕೊಂಡ ಬಂದೀನಿ ನೋಡು. ಹ್ಯಾಂಗ ಬಂದಾಳ ಹಂಗ ಮನಿ ಮುಟ್ಟಬೇಕು."

ಮುಟ್ಟಿಸುತ್ತೇನೆ ಎಂದೆ.

ಬಾಗಿಲಿನ ಕಾವಲಿಗೆ ಒಬ್ಬ ಮುದುಕರಿದ್ದರು. ಅವರು ಹೊರಗಿನಿಂದ ಹಗ್ಗ ಹೆಣೆದು ಬಿಗಿದರು. ಟಾಂಗಾಗಳು ಐದಕ್ಕೆ ಬರುತ್ತೇವೆಂದು ಸಂತೆಯ ಬಾಡಿಗೆಗೆ ಹೊರಟುಹೋದವು. ಹೊರಗೆ ಇಂಜಿನು ಗುಡುಗುಡು ಎನ್ನತೊಡಗಿತು, ಮುಂಬದಿಯ ತೂತಿನಿಂದ ಬೆಳಕಿನ ಕೋಲು ಬಂದು ಪರದೆಯ ಮೇಲೆ ಒಬ್ಬ ರಾಜಕುಮಾರಿ ನಿಂತಳು. ನಾನು ಅವಳ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಹಿಂದಿನ ಸಾಲಿನವರು ನನಗಿಂತ ಮುಂದೆ ಇದ್ದರು. ಆ ಮಂತ್ರಿಯ ಮೀಸೆ ನೋಡಿದರೇ ಗೊತ್ತಾಗುತ್ತದೆ, ಇವನೇ ಮನೆಮುರುಕ ಎಂದು ಅವರಾಗಲೇ ತೀರ್ಮಾನ ಕೊಟ್ಟಿದ್ದರು. ಮೂರನೆಯ ರೀಲಿನಲ್ಲಿ ಮಂತ್ರಿ ರಾಜಕುಮಾರಿಯನ್ನು ಬುರುಜಿನಲ್ಲಿ ಕೂಡಿಹಾಕಿದ. ಅಷ್ಟರಲ್ಲಿ ಹೊರಗೆ ಚಾಟಿ ಬೀಸಿದಂಥ ಸದ್ದಾಯಿತು. ಇಂಜಿನಿನ ಪಟ್ಟಿ ಹರಿದಿತ್ತು. ಬೆಳಕು ಆರಿತು.

ಮೊದಲು ಎಲ್ಲರೂ ನಕ್ಕರು. ಸೇಠ್ ಹೊರಗಿನಿಂದಲೇ, ಹತ್ತಿ ಗಿರಣಿಗೆ ಹೋಗಿ ಪಟ್ಟಿ ತರುತ್ತೇನೆ, ಕುಳಿತಿರಿ ಎಂದು ಹೇಳಿ ಸೈಕಲ್ ಹತ್ತಿದರು. ಮೂರು ಗಂಟೆಯ ಬಿಸಿಲು. ಡೇರೆಗೆ ಒಳಗೆಲ್ಲ ಕಪ್ಪು ಅರಿವೆಯ ಅಸ್ತರು. ಪರದೆಯ ಮೇಲೆ ಕಣ್ಣಿದ್ದಾಗ ಗೊತ್ತಾಗದ ಶೆಖೆ ಈಗ ಒಮ್ಮೆಲೇ ಮೈಮೇಲೆ ಕುಳಿತಿತು. ಹೂವು, ಎಲೆಅಡಿಕೆ, ಕೂಸುಗಳ ಹಾಲಿನ ವಾಸನೆ ಎಲ್ಲ ಕಲೆತು ಗಾಳಿ ದಪ್ಪವಾಯಿತು. ತಂದಿದ್ದ ನೀರಿನ ಹೂಜಿಗಳು ಅರ್ಧ ಗಂಟೆಯಲ್ಲಿ ಬರಿದಾದವು. ಯಾರೋ ಮೇಲಿನ ಕಿಂಡಿ ತೆಗೆಯಿರಿ ಎಂದರು. ಅವು ಎಲ್ಲಿ ಹೋದವು ಎಂದು ಇನ್ನೊಬ್ಬರು ಕೇಳಿದರು. ನಾನು ಹೊಲಿದಿದ್ದೇನೆ ಎಂದು ಹೇಳಲು ನನಗೆ ಎರಡು ಸಲ ಬಾಯಿ ತೆರೆಯಬೇಕಾಯಿತು.

ಬಾಗಿಲಿಗೆ ಹೋಗಿ ಮುದುಕರನ್ನು ಕರೆದೆ. ಗಾಳಿಗಾದರೂ ಸ್ವಲ್ಪ ಬಿಚ್ಚಿರಿ ಎಂದೆ.

"ಟಾಂಗಾ ಬರೂ ತನಕ ಹಗ್ಗಕ್ಕ ಕೈ ಹಚ್ಚಂಗಿಲ್ಲ ಅಮ್ಮಾ," ಎಂದರು ಅವರು. "ಇಂಜಿನ್ ನಿಂತದ್ದ ನೋಡಿ ಸಂತಿ ಮಂದಿ ಎಲ್ಲಾ ಇಲ್ಲೇ ಬಂದು ನಿಂತದ. ನಾ ಒಬ್ಬಾಂವ. ಒಂದ ಗೇಣು ಬಿಚ್ಚಿದ್ರ ನೂರು ಕಣ್ಣು ತೂರ್ತಾವ. ನಾಳಿಗಿ ನಿಮ್ಮ ಮನಿಯವ್ರ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಕ್ಯಾನ್ವಾಸಿನ ಆಚೆ ನೂಕುನುಗ್ಗಲು, ಸಿಳ್ಳು ನನಗೂ ಕೇಳುತ್ತಿದ್ದವು. ಒಳಗಿನವರೂ ಅವರ ಪಕ್ಷವೇ. ಟಾಂಗಾ ಇಲ್ಲದೆ ಸಂತೆಯ ನಡುವೆ ಹೇಗೆ ಹೋಗುವುದು ಎಂದು ಕಾಕು ಕೇಳಿದರು. ಎಲ್ಲರೂ ಹೌದು ಹೌದು ಎಂದರು. ಹೀಗೆ ಐದು ಗಂಟೆಯನ್ನು ಕಾಯುತ್ತ ಕುಳಿತೆವು. ಹೊಲಿದವಳು ನಾನು, ಬಿಗಿದವರು ಮುದುಕರು, ಬಿಚ್ಚಬೇಡಿ ಎಂದವರು ನಾವೇ.

ಕಾಕುವಿನ ಸೊಸೆ ಮಾತು ನಿಲ್ಲಿಸಿದ್ದನ್ನು ನಾನು ಗಮನಿಸಿದೆ. ಮುಖದ ಬೆವರು ಆರಿಹೋಗಿತ್ತು, ಅದೇ ನನ್ನನ್ನು ಹೆದರಿಸಿತು. ಕೈ ಮುಟ್ಟಿದರೆ ಒಣಗಿ ಸುಡುತ್ತಿತ್ತು. ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು, ಬಹಳ ಹೊತ್ತಿನಿಂದ ಅಲ್ಲಾಡಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ಪಕ್ಕಕ್ಕೆ ವಾಲಿದಳು. ಕಾಕು ಅವಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನಿಂದ ಗಾಳಿ ಬೀಸತೊಡಗಿದರು. ಬೀಸಿದ್ದೂ ಬಿಸಿಗಾಳಿಯೇ.

ಕತ್ತರಿ ಮನೆಯಲ್ಲಿತ್ತು. ಒಬ್ಬರು ಅಡಕೊತ್ತು ಕೊಟ್ಟರು. ಅದು ಎರಡು ಪದರಿನ ಕ್ಯಾನ್ವಾಸನ್ನು ಕಚ್ಚಿತು, ಕತ್ತರಿಸಲಿಲ್ಲ. ಬೆಳಗಿನ ನನ್ನ ಗಟ್ಟಿ ಹೊಲಿಗೆಗಳನ್ನು ಉಗುರಿನಿಂದ ಕಿತ್ತೆ. ಒಂದೂ ಬಿಡಲಿಲ್ಲ. ಆಗ ಹಿಂಬದಿಯ ಬಾಯಿ ನೆನಪಾಯಿತು. ಸರಪಳಿ ಹೊಲಿಗೆಯ ದೋಷವೆಂದರೆ, ಕೊನೆಯ ಗಂಟು ಬಿಡಿಸಿ ಎಳೆದರೆ ಮೊದಲಿನವರೆಗೂ ಸರಸರ ಬಿಚ್ಚಿಕೊಳ್ಳುತ್ತದೆ. ಆದರೆ ಅದು ತೆರೆಯುವುದು ಹಾಡುವವರ ಅಂಗಳಕ್ಕೆ. ಈ ಡೇರೆಯಲ್ಲಿದ್ದ ಯಾವ ಮನೆಯ ಹೆಣ್ಣಾದರೂ ಆ ಅಂಗಳದಲ್ಲಿ ಕಾಲಿಟ್ಟಳೆಂದು ಗೊತ್ತಾದರೆ ಅವಳ ಮುಂದಿನ ದಿನಗಳು ಹೇಗಿರುತ್ತವೆ ಎಂದು ನನಗೆ ತಿಳಿದಿತ್ತು. ನನ್ನ ದಿನಗಳೂ. ಬಜಾರದ ಕಡೆ ನೂರು ಕಣ್ಣು, ಈ ಕಡೆ ಒಂದು ಕೆಟ್ಟ ಹೆಸರು. ಹುಡುಗಿಯ ತುಟಿ ನೋಡಿದೆ. ಬಿಳಿಯಾಗಿ ಬಿರುಕು ಬಿಟ್ಟಿತ್ತು. ಹಿಂದಕ್ಕೆ ಎದ್ದು ಹೋದೆ.

ನಾನು ಏನು ಮಾಡುತ್ತಿದ್ದೇನೆಂದು ತಿಳಿದ ಕೂಡಲೇ ಬೇಮಳಖೇಡದ ರೈತ ಹೆಂಗಸೊಬ್ಬಳು ಬಂದು, ಸರೀರಿ ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಹೊಲಿಗೆಯ ನಡುವಿಗೆ ಕೈ ಹಾಕಿ ಎತ್ತಿನ ಹಗ್ಗದಂತೆ ಜಗ್ಗಿದಳು. ಸುತಳಿ ಕುಣಿಕೆಯೊಳಗೆ ಕುಣಿಕೆಯಾಗಿ ಇನ್ನಷ್ಟು ಬಿಗಿಯಿತು. ನಡುವೆ ಜಗ್ಗಿದರೆ ಬಿಗಿಯುತ್ತದೆ, ಕೆಳಗಿನ ಗಂಟೇ ಬೇಕು ಎಂದು ಹೇಳಿ ನಾನು ನೆಲಕ್ಕೆ ಕುಳಿತೆ. ಮಣ್ಣು ಒದ್ದೆಮಾಡಿ ಒತ್ತಿದ್ದು, ಬಿಸಿಲಿಗೆ ಇಟ್ಟಿಗೆಯಾಗಿತ್ತು. ಉಗುರು ಮುರಿಯಿತು. ಅಗೆಯಲು ಗಟ್ಟಿಯಾದದ್ದು ಏನಾದರೂ ಬೇಕಿತ್ತು. ಕಾಕುವಿನ ಸೊಂಟದಲ್ಲಿ ಉಗ್ರಾಣದ ಉದ್ದ ಕೀಲಿಗಳ ಗೊಂಚಲು ಇತ್ತು. ಅವರ ಮುಂದೆ ಹೋಗಿ ನಿಂತು ಕೈಯೊಡ್ಡಿದೆ. ಯಾವ ಕಡೆ ತೆರೆಯಲು ಹೊರಟಿದ್ದೇನೆಂದು ಅವರಿಗೆ ಗೊತ್ತಿತ್ತು.

"ಹ್ಯಾಂಗ ಬಂದಾಳ ಹಂಗ ಮುಟ್ಟಸು ಅಂದ್ರಿ, ಕಾಕು. ಹಂಗ ಮುಟ್ಟಸಾಕ ಇದೊಂದ ದಾರಿ ಉಳದದ."

ಕಾಕು ನನ್ನ ಮುಖ ನೋಡಲಿಲ್ಲ. ಗೊಂಚಲು ಬಿಚ್ಚಿ ನೆಲದ ಮೇಲೆ ಇಟ್ಟರು.

"ಆಕಿನ್ನ ಒಯ್ಯಿ. ನನ್ನ ಏನೂ ಕೇಳಬ್ಯಾಡ."

ಕೀಲಿಯಿಂದ ಅಗೆದೆವು, ಒಮ್ಮೆ ನಾನು, ಒಮ್ಮೆ ಬೇಮಳಖೇಡದವಳು. ಗಂಟು ಸಿಕ್ಕಾಗ ಅದರೊಳಗೆ ಮಣ್ಣು ಸೇರಿ ಕಲ್ಲಿನಂತಾಗಿತ್ತು. ಹಲ್ಲಿನಿಂದ ಕಚ್ಚಿ ಸಡಿಲಿಸಿದೆ. ಬಾಲ ಹಿಡಿದು ಮೆಲ್ಲಗೆ ಎಳೆದೆ. ಮೊದಲ ಕುಣಿಕೆ ಬಿಟ್ಟಿತು, ಎರಡನೆಯದು, ಆಮೇಲೆ ನನ್ನ ಕೈಯೇ ಹಿಂದೆ ಬೀಳುವಂತೆ ಸರ್ರನೆ ತಲೆಯ ಮೇಲಿನವರೆಗೂ ಬಿಚ್ಚಿಕೊಂಡಿತು. ಬೆಳಕು ಒಂದು ಬಡಿಗೆಯಷ್ಟು ಅಗಲವಾಗಿ ಒಳಗೆ ಬಂತು, ಅದರ ಹಿಂದೆ ಬೇವಿನ ಗಾಳಿ.

ಮೊಣಕಾಲೆತ್ತರದ ಕಲ್ಲಿನ ಸಾಲು ದಾಟಿದರೆ ಅಂಗಳ. ಉಳಿದ ಮೂರು ಕಡೆ ಎತ್ತರದ ಗೋಡೆ, ಬಜಾರದ ಕಣ್ಣು ಬೀಳುವಂತಿರಲಿಲ್ಲ. ಅಲ್ಲಿ ನಿಂತಿದ್ದ ಮುದುಕಿಯ ಮುಖ ನನಗೆ ಹೊಸದು, ಹೆಬ್ಬೆರಳಿನ ಮೂರು ಚುಕ್ಕೆ ಗೊತ್ತಿದ್ದವು. ಸೀಳಿನಲ್ಲಿ ಇಣುಕಿದ ಮುಖಗಳನ್ನು ಅವಳು ಒಮ್ಮೆ ನೋಡಿದಳು. ಹಿಂತಿರುಗಿ ಒಂದು ಮಾತು ಹೇಳಿದಳು. ಜಡೆ ಹೆಣೆದುಕೊಳ್ಳುತ್ತಿದ್ದ ಇಬ್ಬರು ಹುಡುಗಿಯರು ಎದ್ದು ಒಳಗೆ ಹೋದರು. ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು. ನಾವು ಯಾರನ್ನೂ ನೋಡಲಿಲ್ಲ ಎಂದು ನಾಳೆ ಆ ಹುಡುಗಿಯರು ಆಣೆ ಮಾಡಿ ಹೇಳಬಹುದಲ್ಲ, ಅದಕ್ಕೆ ಎಂದು ನನಗೆ ಆಮೇಲೆ ಹೊಳೆಯಿತು.

ಹುಡುಗಿಯನ್ನು ನಾವಿಬ್ಬರು ಎತ್ತಿ ತಂದು ಬೇವಿನ ಕೆಳಗಿನ ಮಂಚದ ಮೇಲೆ ಮಲಗಿಸಿದೆವು. ಗೋಡೆಯ ನೆರಳಿನಲ್ಲಿ ಒದ್ದೆ ಉಸುಕಿನ ಗುಡ್ಡೆ. ಅದರೊಳಗೆ ಕುತ್ತಿಗೆಯವರೆಗೆ ಹೂತ ಮೂರು ನೀರಿನ ಗಡಿಗೆ, ಸುತ್ತ ಗೋಧಿಯ ಹಸಿರು ಮೊಳಕೆ. ಮೊಳೆಯೊಂದಕ್ಕೆ ಗೆಜ್ಜೆಗಳನ್ನು ಬೆಳ್ಳುಳ್ಳಿ ಗೊಂಚಲಿನಂತೆ ತೂಗುಹಾಕಿದ್ದರು. ನಮ್ಮ ಮಾಳಿಗೆಯಂತೆಯೇ ಅಲ್ಲೂ ಹಪ್ಪಳ ಒಣಗುತ್ತಿದ್ದವು. ಹುಡುಗಿಯ ನೆತ್ತಿಗೆ ಒದ್ದೆ ಬಟ್ಟೆ ಹಾಕಿ ಆ ಗಡಿಗೆಗಳ ತಣ್ಣನೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಸೀಳಿನಿಂದ ಒಬ್ಬೊಬ್ಬರೇ ಬಂದರು, ಸೀಳಿನ ಬಳಿ ತಂದಿಟ್ಟಿದ್ದ ನನ್ನ ಗಡಿಗೆಯಿಂದ ಒಂದೊಂದು ಬೀಜ ತೆಗೆಯುತ್ತ, ನೆಲ ನೋಡುತ್ತ. ಆಮೇಲೆ ಹುಡುಗಿ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಒದೀತ್ರಿ ಅಕ್ಕಾ."

ನಾನು ಬೀಜದ ಗಡಿಗೆ ನೋಡಿದೆ. ಎರಡು ಬೀಜ ಉಳಿದಿದ್ದವು. ಒಂದು ನನ್ನದು. ಮತ್ತೆ ಒಳಗೆ ಹೋದೆ. ಕಾಕು ಕತ್ತಲಲ್ಲಿ ಪರದೆಯ ಕಡೆ ಮುಖ ಮಾಡಿ ಒಬ್ಬರೇ ಕುಳಿತಿದ್ದರು. ಸೊಸೆ ಚೇತರಿಸಿಕೊಂಡಳು, ಕೂಸು ಒದೆಯಿತು ಎಂದೆ. ಅವರ ಭುಜ ಕೆಳಗಿಳಿಯಿತು. ಬನ್ನಿರಿ ಎಂದೆ. ತಲೆ ಅಲ್ಲಾಡಿಸಿದರು. ನನ್ನ ಹಿಂದೆ ಸೀಳಿನ ಹೊರಗೆ ನಿಂತಿದ್ದ ಮುದುಕಿಗೆ ಇದು ಕೇಳಿಸಿರಬೇಕು. ಒಳಗೆ ಕಾಲಿಡದೆ ಹೇಳಿದಳು:

"ನಮ್ಮ ಮನಿಯೊಳಗ ಬರಬ್ಯಾಡ್ರಿ ಬಾಯಿ. ಗಿಡದ ಕೆಳಗ ಬರ್ರಿ. ಬೇವಿನ ಗಿಡ ನಾವು ಹಚ್ಚಿದ್ದಲ್ಲ, ಮೊದಲ ಇತ್ತು."

ಕಾಕು ಸೆರಗನ್ನು ತಲೆತುಂಬ ಎಳೆದುಕೊಂಡರು. ಆಮೇಲೆ ಎದ್ದು ಬಂದು ಗಿಡದ ಬುಡದಲ್ಲಿ, ಮಂಚಕ್ಕೆ ತಾಗದಂತೆ ನಿಂತರು. ಮುದುಕಿ ಅವರಿಂದ ಮೂರು ಮಾರು ದೂರದಲ್ಲಿ ಅದೇ ಉಸುಕಿನ ಗಡಿಗೆಯ ಒಂದು ತಂಬಿಗೆ ನೀರು ಇಟ್ಟು ಹೋದಳು. ಕಾಕು ಅದರ ಕಡೆ ನೋಡಲಿಲ್ಲ. ನಾನೂ ಆ ಕಡೆ ನೋಡಬಾರದೆಂದು ಮುಖ ತಿರುಗಿಸಿದೆ.

ಐದಕ್ಕೆ ಮುಂಚೆ ಎಲ್ಲರೂ ತಾವಾಗಿಯೇ ಒಳಗೆ ಹೋದರು. ಬೀಜಗಳು ಮತ್ತೆ ಗಡಿಗೆಗೆ ಬಿದ್ದವು. ಅರವತ್ತೆಂಟು, ಮತ್ತೆ ನನ್ನದು. ಮುದುಕಿ ತನ್ನ ದಬ್ಬಣ ಕೊಟ್ಟಳು. ಅದೇ ಸುತಳಿಯನ್ನು ಬೆಳಗಿನ ತೂತುಗಳಲ್ಲೇ ಪೋಣಿಸಿ, ಬೇಮಳಖೇಡದವಳ ಹೆಗಲ ಮೇಲೆ ನಿಂತು ಮೇಲಿನಿಂದ ಕೆಳಗೆ ಸರಪಳಿ ಹೊಲಿಗೆ ಹಾಕುತ್ತ ಬಂದೆ. ಈ ಸಲ ಹೊರಗಿನಿಂದ ಮುದುಕಿ ಎರಡು ಅಂಚನ್ನೂ ಕೂಡಿಸಿ ಹಿಡಿದಳು. ಕೊನೆಯ ಗಂಟಿನ ಹೊತ್ತಿಗೆ ಟಾಂಗಾ ಕುದುರೆಗಳ ಗೆಜ್ಜೆ ಕೇಳಿಸಿತು. ಮುದುಕರು ಹಗ್ಗ ಬಿಚ್ಚಿದಾಗ ನಾವೆಲ್ಲ ಸಾಲಾಗಿ ಕುಳಿತಿದ್ದೆವು. ಅವರು ಕಣ್ಣೊರೆಸಿಕೊಂಡು ಅಲ್ಲಾನಿಗೆ ಶುಕರ್ ಹೇಳಿದರು. ಪಟ್ಟಿ ತಂದ ಸೇಠ್ ಉಳಿದ ರೀಲುಗಳನ್ನು ಇನ್ನೊಂದು ದಿನ ತೋರಿಸುತ್ತೇನೆ ಎಂದರು. ತೋರಿಸಲಿಲ್ಲ. ನಮ್ಮ ಮಟ್ಟಿಗೆ ರಾಜಕುಮಾರಿ ಬುರುಜಿನಲ್ಲೇ ಉಳಿದಳು.

ಸಂಜೆ ಮನೆಯಲ್ಲಿ ಸೂಜಿ ಎಣಿಸಿದೆ. ಹನ್ನೆರಡು. ಅವಸರದಲ್ಲಿ ಮುದುಕಿಯ ದಬ್ಬಣ ನನ್ನ ಸೆರಗಿನಲ್ಲೇ ಉಳಿದಿತ್ತು. ಅದನ್ನು ಬುಟ್ಟಿಯ ತಳದಲ್ಲಿಟ್ಟು ಅಡುಗೆಗೆ ಕುಳಿತೆ. ಕೈ ಒಲೆಯ ಕಡೆ, ಕಿವಿ ಗೋಡೆಯ ಕಡೆ. ಅರವತ್ತೇಳು ಹೆಂಗಸರ ಬಾಯಿಯ ಮೇಲೆ ನನಗೆ ಭರವಸೆ ಇತ್ತು, ಅವರಿಗೂ ನನ್ನಷ್ಟೇ ಕಳೆದುಕೊಳ್ಳುವುದಿತ್ತು. ಕಾಕುವಿನ ಮೇಲೆ ಇರಲಿಲ್ಲ. ಅವರ ಒಂದು ಮಾತಿನಿಂದ ನಾನು ಬರೀ ಈ ಕೆಲಸವನ್ನಲ್ಲ, ಹೊಸ್ತಿಲನ್ನೇ ಮತ್ತೆ ದಾಟದಂತಾಗಬಹುದಿತ್ತು. ಅತ್ತೆಯವರು ಕಟ್ಟೆಯ ಮೇಲೆ ಕುಳಿತು ಜಪಮಣಿ ಎಣಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಕಾಕು ಎಂದಿನಂತೆ ಗೋಡೆಯ ಮೇಲೆ ಮೊಣಕೈ ಊರಿ ನಿಂತರು. ಅತ್ತೆ, ಹೇಗಿತ್ತು ಸಿನೆಮಾ, ಸೊಸೆ ಹೇಗಿದ್ದಾಳೆ ಎಂದು ಕೇಳಿದರು. ನನ್ನ ಕೈಯ ಲಟ್ಟಣಿಗೆ ನಿಂತಿತು.

ಚೆನ್ನಾಗಿತ್ತು, ಇಂಜಿನು ಕೆಟ್ಟಿತು, ಹುಡುಗಿ ಉಂಡು ಮಲಗಿದ್ದಾಳೆ ಎಂದರು ಕಾಕು. ಹೊರಡಲು ತಿರುಗಿದವರು, ನಮ್ಮ ಪಡಸಾಲೆಯ ಮೂಲೆಯ ನೀರಿನ ಗಡಿಗೆ ನೋಡಿ ನಿಂತು, ಯಾರಿಗೆಂದಿಲ್ಲದೆ ಅಂದರು:

"ಗಡಿಗಿ ಕೆಳಗ ಒಂದ ಬುಟ್ಟಿ ಉಸುಕು ಹಾಕಿ, ನಾಕು ಗೋಧಿ ಕಾಳು ಚೆಲ್ಲ್ರಿ. ಹಲ್ಲು ಜುಮ್ ಅನ್ನೂವಂಗ ತಂಪ ಆಗ್ತದ ನೀರು."